ಒಂದೇ ತಪ್ಪಿನ ಎರಡು ಪಟ್ಟಿ

ಮಾರ್ಚ್ 3

ಮೇಷ್ಟ್ರು ತೀರಿಕೊಂಡು ಎರಡು ತಿಂಗಳು ತುಂಬಿಲ್ಲ, ಆ ಹೆಂಗಸು ಅರ್ಜಿ ಹಾಕಿಬಿಟ್ಟಿದ್ದಾಳೆ. ಬೆಳಿಗ್ಗೆ ಕುಲಸಚಿವರ ಕಚೇರಿಯಿಂದ ಲಕೋಟೆ ಬಂತು. ಇಪ್ಪತ್ತೆಂಟು ವರ್ಷದ ಹಿಂದೆ ವಿಶ್ವವಿದ್ಯಾಲಯ ತನ್ನ ಮೇಲೆ ಹೊರಿಸಿದ ಕೃತಿಚೌರ್ಯದ ತೀರ್ಮಾನವನ್ನು ದಾಖಲೆಯಿಂದ ತೆಗೆದುಹಾಕಬೇಕಂತೆ. ಅಂದು ದೂರು ಕೊಟ್ಟವಳು ನಾನಾದ್ದರಿಂದ ತಿಂಗಳ ಕೊನೆಯೊಳಗೆ ಸಮಿತಿಗೆ ನನ್ನ ಅಭಿಪ್ರಾಯ ಬೇಕಂತೆ. ನಾನು ಹೂಂ ಎಂದರೆ ತೆಗೆಯುತ್ತಾರೆ. ಉಹೂಂ ಎಂದರೆ ಜೂನ್‌ನಲ್ಲಿ ಅವಳು ಕಳ್ಳಿ ಎನ್ನಿಸಿಕೊಂಡೇ ನಿವೃತ್ತಳಾಗುತ್ತಾಳೆ.

ಹೊಂಚು ಹಾಕಿದ ಸಮಯವಾದರೂ ಎಂಥದ್ದು! ಅಂದು ಸಮಿತಿಯ ಮುಂದೆ ‘ಆ ಪದಗಳ ಪಟ್ಟಿ ಮೇಷ್ಟ್ರು ಪಾಠದಲ್ಲಿ ಕೊಟ್ಟಿದ್ದು’ ಎಂದಳು. ಮೇಷ್ಟ್ರು ಎದುರಿಗೇ ಕೂತಿದ್ದರು. ‘ನಾನು ಹಾಗೆ ಕೊಟ್ಟ ನೆನಪಿಲ್ಲ’ ಎಂದರು. ಅಲ್ಲಿಗೆ ಮುಗಿಯಿತು. ಈಗ ಇಲ್ಲ ಎನ್ನಲು ಅವರಿಲ್ಲ, ಅದಕ್ಕೇ ಇವಳಿಗೆ ಬಾಯಿ ಬಂದಿದೆ.

ಒಂದು ಕಾಲಕ್ಕೆ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು, ಒಂದೇ ಮೇಷ್ಟ್ರ ಕೈಕೆಳಗೆ ಕಲಿತವರು. ಕುಳ್ಳಗಿದ್ದ ಅವಳಿಗೂ ಉದ್ದಕ್ಕಿದ್ದ ನನಗೂ ಮೇಷ್ಟ್ರು ಒಂದೊಂದು ಹಕ್ಕಿಯ ಹೆಸರು ಇಟ್ಟಿದ್ದರು. ನನ್ನದು ಕೊಕ್ಕರೆ. ಅವಳದನ್ನು ನಾನು ಬರೆಯುವುದಿಲ್ಲ. ಕೈಗೆ ಮೈಲಿಗೆ.

ಮಾರ್ಚ್ 4

ಸಮಿತಿಗೆ ಬರೆಯುವ ಮುನ್ನ ಇಲ್ಲಿ ಒಮ್ಮೆ ಕ್ರಮವಾಗಿ ಬರೆದುಕೊಳ್ಳುತ್ತೇನೆ. ವಯಸ್ಸಾಯಿತು, ಮಾತು ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ.

ನನ್ನ ಪ್ರಬಂಧ ಇಂಗ್ಲಿಷ್ ಮತ್ತು ಅದರ ಒಡಹುಟ್ಟಿದ ಭಾಷೆಗಳ ಬಗ್ಗೆ: ಫ್ರಿಸಿಯನ್, ಡಚ್, ಜರ್ಮನ್, ನಾರ್ಸ್. ಮೂರನೇ ಅಧ್ಯಾಯದಲ್ಲಿ ಹನ್ನೆರಡು ಪದಗಳ ಪಟ್ಟಿ. ನೀರು, ರಾತ್ರಿ, ಮನೆ ಹೀಗೆ. ಏಳನೆಯದು ಚೀಸ್. ಇಂಗ್ಲಿಷಿನಲ್ಲಿ ಚೀಸ್, ಫ್ರಿಸಿಯನ್ನಿನಲ್ಲಿ ತ್ಸೀಸ್, ಡಚ್ಚಿನಲ್ಲಿ ಕಾಸ್, ಜರ್ಮನ್ನಿನಲ್ಲಿ ಕೇಸೆ. ಹಳೆಯ ‘ಕ’ ಸದ್ದು ಮೊದಲಿನ ಇಬ್ಬರ ಬಾಯಲ್ಲಿ ಮೆತ್ತಗಾಯಿತು, ಉಳಿದಿಬ್ಬರಲ್ಲಿ ಗಟ್ಟಿಯಾಗಿ ಉಳಿಯಿತು. ಸಮುದ್ರದಂಚಿನ ಸ್ವಲ್ಪ ಜನ ಆಡುವ ಫ್ರಿಸಿಯನ್, ಜಗತ್ತೆಲ್ಲ ಸುತ್ತಿದ ಇಂಗ್ಲಿಷಿಗೆ ಬೆನ್ನಿಗೆ ಬಿದ್ದ ತಂಗಿ ಎನ್ನಲು ಅದೂ ಒಂದು ಸಾಕ್ಷಿ.

ಆ ಸಾಲಿನಲ್ಲಿ ನನ್ನಿಂದ ಒಂದು ಅಚಾತುರ್ಯ ಆಗಿತ್ತು. ಡಚ್ಚಿನ ಪದವನ್ನು ಫ್ರಿಸಿಯನ್ ಕೆಳಗೆ, ಫ್ರಿಸಿಯನ್ನಿನದನ್ನು ಡಚ್ ಕೆಳಗೆ ಬರೆದುಬಿಟ್ಟಿದ್ದೆ. ಯಾರೂ ನೋಡಲಿಲ್ಲ. ಎರಡು ವರ್ಷ ಬಿಟ್ಟು ಅವಳ ಪುಸ್ತಕ ಬಂತು. ಅದರಲ್ಲೂ ಅದೇ ಹನ್ನೆರಡು ಪದ, ಅದೇ ಕ್ರಮ, ಏಳನೇ ಸಾಲಿನಲ್ಲಿ ಅದೇ ಅದಲುಬದಲು. ಸಮಿತಿಗೆ ನಾನು ಹೇಳಿದ್ದು ಒಂದೇ ಮಾತು. ‘ಸರಿಯಾದದ್ದು ಇಬ್ಬರಿಗೂ ಹೊಳೆಯಬಹುದು. ಒಂದೇ ತಪ್ಪು ಇಬ್ಬರಿಗೂ ಹೊಳೆಯುವುದಿಲ್ಲ.’ ಅಧ್ಯಕ್ಷರು ತಲೆದೂಗಿ ಅದನ್ನು ಬರೆದುಕೊಂಡರು.

ಊಟದ ಹೊತ್ತಿಗೆ ಇವರಿಗೂ ಹೇಳಿದೆ. ಇವರು ಔಷಧಿ ಅಂಗಡಿಯಲ್ಲಿ ಮೂವತ್ತೈದು ವರ್ಷ ನಿಂತವರು, ಯಾವ ಮಾತನ್ನೂ ಮಾತ್ರೆಯ ಹಾಗೆ ಬೆಳಕಿಗೆ ಹಿಡಿದು ನೋಡಿ ಕೊಡುತ್ತಾರೆ.

‘ಎರಡು ಮನೆ ಮಕ್ಕಳಿಗೆ ಒಂದೇ ಥರದ ಹೊಟ್ಟೆನೋವು ಬಂದ್ರೆ, ಇವನಿಂದ ಅವನಿಗೆ ಬಂತು ಅಂತ್ಲೇ ಯಾಕೆ ಅನ್ಕೋಬೇಕು? ಒಂದೇ ಬಾವಿ ನೀರು ಕುಡಿದಿರಬಹುದಲ್ಲ?’

‘ನಿಮ್ಮ ಹೊಟ್ಟೆನೋವು ನಿಮ್ಮ ಅಂಗಡಿಯಲ್ಲೇ ಇರಲಿ ರೀ,’ ಎಂದೆ. ಇನ್ನೊಂದು ಚಪಾತಿ ಕೇಳಿದರು, ಹಾಕಿದೆ.

ಮಾರ್ಚ್ 7

ತರಗತಿಯಲ್ಲಿ ಮೂರೇ ಜನ. ಅದರಲ್ಲಿ ಒಬ್ಬಳು ಪುಸ್ತಕ ಬಿಟ್ಟು ಕಿಟಕಿಯ ಆಚೆಯದನ್ನೇ ಓದುತ್ತಾಳೆ. ಮುಂದಿನ ಬೆಂಚಿನವಳು ಮಾತ್ರ ಕೇಳಿದಳು. ‘ಇಂಗ್ಲಿಷ್ ಜರ್ಮನ್‌ನಿಂದ ಹುಟ್ಟಿದ್ದಲ್ವಾ ಮೇಡಂ? ಅಷ್ಟೊಂದು ಪದ ಒಂದೇ ಥರ ಇವೆ.’

ವರ್ಷಕ್ಕೊಬ್ಬರು ಕೇಳುತ್ತಾರೆ, ವರ್ಷವೂ ನನ್ನ ಮೈ ಉರಿಯುತ್ತದೆ. ‘ನಿನ್ನ ಮೂಗು ನಿನ್ನ ಅಕ್ಕನ ಮೂಗಿನ ಹಾಗೇ ಇದೆ. ಅಕ್ಕನಿಂದ ಕದ್ದೆಯಾ?’ ಎಂದೆ. ಕಿಟಕಿಯವಳೂ ನಕ್ಕಳು.

ಆಮೇಲೆ ಸಮಾಧಾನವಾಗಿ ಹೇಳಿದೆ. ಇವರೆಲ್ಲ ಒಬ್ಬ ತಾಯಿಯ ಮಕ್ಕಳು. ಆ ತಾಯಿ ಆಡಿದ ಮಾತನ್ನು ಯಾರೂ ಬರೆದಿಡಲಿಲ್ಲ, ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಬೇಕು. ಇಬ್ಬರಲ್ಲಿ ಹೋಲಿಕೆ ಕಂಡ ಕೂಡಲೇ ಒಬ್ಬರು ಇನ್ನೊಬ್ಬರಿಂದ ತೆಗೆದುಕೊಂಡರು ಎನ್ನುವುದು ಸೋಮಾರಿಯ ಲೆಕ್ಕ. ತೆಗೆದುಕೊಂಡದ್ದೂ ಇರುತ್ತದೆ. ಇಂಗ್ಲಿಷ್ ತನ್ನ ಒಡವೆ ವಸ್ತ್ರವನ್ನೆಲ್ಲ ಫ್ರೆಂಚಿನಿಂದ ತಂದಿತು. ಕೋರ್ಟು, ಜಡ್ಜು, ಜೈಲು ಎಲ್ಲ ಅಲ್ಲಿಂದಲೇ. ‘ಲಾ’ ಎನ್ನುವ ಕಾನೂನು ಕೂಡ ನಾರ್ಸ್ ಆಡುವವರ ಜೊತೆ ಹಡಗಿನಲ್ಲಿ ಬಂದದ್ದು. ಆದರೆ ಕಳ್ಳನಿಗೆ ಮಾತ್ರ ಮನೆಯದೇ ಪದ. ಇಂಗ್ಲಿಷಿನ ಥೀಫ್, ಡಚ್ಚಿನ ಡೀಫ್, ಜರ್ಮನ್ನಿನ ಡೀಬ್. ‘ಕಳ್ಳ ಮನೆಯವನೇ, ನ್ಯಾಯಾಧೀಶರು ಹೊರಗಿನಿಂದ ಬಂದವರು’ ಎಂದೆ. ಮೂವರೂ ಬರೆದುಕೊಂಡರು. ಇಂಥ ದಿನ ಇನ್ನೂ ಪಾಠ ಮಾಡಬಹುದು ಅನ್ನಿಸುತ್ತದೆ.

ಮಾರ್ಚ್ 9

ಸಮಿತಿಗೆ ಉತ್ತರ ಬರೆದಿಟ್ಟೆ. ಅರ್ಧ ಪುಟ. ‘ಅಂದಿನ ತೀರ್ಮಾನವನ್ನು ಬದಲಿಸುವ ಯಾವ ಹೊಸ ಸಾಕ್ಷ್ಯವೂ ನನ್ನ ಗಮನಕ್ಕೆ ಬಂದಿಲ್ಲ.’ ಮೂರು ಸಲ ಓದಿದೆ, ಒಂದು ಅಲ್ಪವಿರಾಮವನ್ನೂ ಕದಲಿಸುವಂತಿಲ್ಲ. ಕಳುಹಿಸಲು ಅವಸರವಿಲ್ಲ. ಅವಳೂ ಸ್ವಲ್ಪ ಕಾಯಲಿ.

ಮಾರ್ಚ್ 12

ಮೇಷ್ಟ್ರ ಮಗಳು ಫೋನ್ ಮಾಡಿದ್ದಳು. ‘ಅಕ್ಕ, ಮನೆ ಖಾಲಿ ಮಾಡ್ತಿದೀವಿ. ಅಪ್ಪನ ಕೋಣೆಯಲ್ಲಿ ಬರೀ ಪುಸ್ತಕ, ಕಾಗದ. ನನಗೆ ಒಂದಕ್ಷರ ತಿಳಿಯಲ್ಲ. ನೀವು ಬಂದು ಬೇಕಾದ್ದು ಬೇರೆ ಮಾಡಿಕೊಟ್ರೆ ಉಳಿದದ್ದು ರದ್ದಿಗೆ ಹಾಕ್ತೀನಿ.’ ನನ್ನನ್ನು ಬಿಟ್ಟರೆ ಅವರಿಗೆ ಯಾರಿದ್ದಾರೆ? ಹೋಗುತ್ತೇನೆ ಎಂದೆ.

ಮಾರ್ಚ್ 13

ಮಹಡಿಯ ಕೋಣೆ. ಕಬ್ಬಿಣದ ಮಂಚ, ಅದರ ಮೇಲೆ ಸುತ್ತಿಟ್ಟ ಹಾಸಿಗೆ. ಮುಚ್ಚದ ಕಿಟಕಿಗೆ ಮಡಿಸಿದ ಕಾಗದದ ಬೆಣೆ. ಗೋಡೆಯುದ್ದಕ್ಕೂ ಕಂದು ರಟ್ಟಿನ ನೋಟ್‌ಪುಸ್ತಕಗಳು, ಬೆನ್ನ ಮೇಲೆ ವರ್ಷ. ನಲವತ್ತೊಂದು ಇವೆ. ಮೇಷ್ಟ್ರು ಪಾಠಕ್ಕೆ ಹೋಗುವ ಮುನ್ನ ಹೇಳಬೇಕಾದ ಪ್ರತಿ ವಾಕ್ಯವನ್ನೂ ಬರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆಯಬೇಕಾದದ್ದರ ಸುತ್ತ ಚೌಕ ಹಾಕುತ್ತಿದ್ದರು. ತರಗತಿಯಲ್ಲಿ ಪುಸ್ತಕ ಬಿಚ್ಚುತ್ತಿರಲಿಲ್ಲ. ನಾವೆಲ್ಲ ಅದು ಆ ಕ್ಷಣಕ್ಕೆ ಹೊಳೆದದ್ದು ಎಂದುಕೊಂಡು ಬಾಯಿಬಿಟ್ಟು ಕೂರುತ್ತಿದ್ದೆವು.

ಮೂರು ಗಂಟೆ ಕೂತು ಐದು ನೋಡಿದೆ. ದೂಳಿಗೆ ಸೀನು. ಮಗಳು ಎರಡು ಸಲ ಕಾಫಿ ಕೊಟ್ಟಳು.

ಮಾರ್ಚ್ 15

ಇವತ್ತು ಎಂಟು. ಮೇಷ್ಟ್ರ ಅಕ್ಷರ ಎಷ್ಟು ದುಂಡಗೆ! ಒಂದು ಕಡೆ ಅಂಚಿನಲ್ಲಿ ‘ಗುಬ್ಬಿ ಒಳ್ಳೆಯ ಪ್ರಶ್ನೆ ಕೇಳಿದಳು, ಉತ್ತರ ಗೊತ್ತಿಲ್ಲ, ನಾಳೆ ಹೇಳಬೇಕು’ ಎಂದಿದೆ. ಇನ್ನೊಂದು ಕಡೆ ‘ಕೊಕ್ಕರೆ ಇಂದೂ ತಡ’. ನನ್ನ ಬಗ್ಗೆ ನೆನಪಿಡಲು ಅವರಿಗೆ ಸಿಕ್ಕಿದ್ದು ಇಷ್ಟೇ. ಅವರ ಕೊನೆಯ ಹತ್ತು ವರ್ಷ ಔಷಧಿ ತಂದುಕೊಟ್ಟವಳು ನಾನು, ಗುಬ್ಬಿ ಅಲ್ಲ.

ಮಾರ್ಚ್ 17

ಹೋಗಿದ್ದೆ. ಬರೆಯುವಂಥದ್ದೇನೂ ಇಲ್ಲ. ತಲೆನೋವು.

ಮಾರ್ಚ್ 18

ಇದೆ. ಬರೆಯುವಂಥದ್ದು ಇದೆ.

ನಾವು ಮೊದಲ ವರ್ಷ ಓದುತ್ತಿದ್ದಾಗಿನ ನೋಟ್‌ಪುಸ್ತಕ. ಅಕ್ಟೋಬರ್ ತಿಂಗಳ ಒಂದು ಪಾಠ. ಚೌಕದೊಳಗೆ ಹನ್ನೆರಡು ಪದ. ನೀರು, ರಾತ್ರಿ, ಮನೆ. ನನ್ನದೇ ಕ್ರಮ. ಅಲ್ಲ, ಅವರದೇ ಕ್ರಮ. ಏಳನೇ ಸಾಲಿನಲ್ಲಿ ಡಚ್ ಇರಬೇಕಾದ ಕಡೆ ಫ್ರಿಸಿಯನ್, ಫ್ರಿಸಿಯನ್ ಇರಬೇಕಾದ ಕಡೆ ಡಚ್. ಅದನ್ನೇ ಬೋರ್ಡಿನ ಮೇಲೆ ಬರೆದರು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಇಳಿಸಿಕೊಂಡೆವು. ಮೂರು ವರ್ಷ ಬಿಟ್ಟು ನಾನು ಅದನ್ನು ನಿದ್ದೆಗೆಟ್ಟು ನಾನೇ ಕಟ್ಟಿದ ಪಟ್ಟಿ ಎಂದು ನಂಬಿ ಪ್ರಬಂಧಕ್ಕೆ ಹಾಕಿದೆ. ಆಣೆ ಮಾಡಿ ಹೇಳುತ್ತೇನೆ, ನಂಬಿದ್ದೆ.

ಅಷ್ಟೇ ಆಗಿದ್ದರೆ ಮರೆವು ಅನ್ನಬಹುದಿತ್ತು, ನನ್ನದೂ ಅವರದೂ. ಆದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಆಮೇಲೆ ಬರೆದದ್ದಿದೆ. ‘ಅದಲುಬದಲು. ನನ್ನದೇ ತಪ್ಪು.’ ಕೆಳಗೆ ತಾರೀಖು, ವರ್ಷ. ವಿಚಾರಣೆಗೆ ಮೂರು ದಿನ ಮುಂಚಿನದು. ಅಂದರೆ ಅವರು ಹುಡುಕಿ ತೆಗೆದು ನೋಡಿದ್ದಾರೆ, ಕಂಡುಕೊಂಡಿದ್ದಾರೆ, ಆಮೇಲೆ ಬಂದು ಸಮಿತಿಯ ಮುಂದೆ ಕೂತು ನೆನಪಿಲ್ಲ ಎಂದಿದ್ದಾರೆ. ಇಡೀ ದೇಶಕ್ಕೆ ಆ ಭಾಷೆಗಳನ್ನು ಕಲಿಸಿದವರು ಡಚ್ ಯಾವುದು ಫ್ರಿಸಿಯನ್ ಯಾವುದು ಎಂದು ಎಡವಿದರು ಅನ್ನಿಸಿಕೊಳ್ಳಬಾರದಲ್ಲ. ಒಬ್ಬ ಶಿಷ್ಯೆ ಕಳ್ಳಿಯಾದರೂ ಚಿಂತೆಯಿಲ್ಲ. ಅವರ ಕಾಲಿಗೆ ಬಿದ್ದ ನನ್ನ ಹಣೆಯನ್ನು ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮಗಳು ಕಾಫಿ ತರಲು ಕೆಳಗೆ ಹೋಗಿದ್ದಳು. ಹೇಗೂ ರದ್ದಿಗೆ ಹೋಗುವಂಥದ್ದು, ಅವಳನ್ನು ಕೇಳಿ ಗಾಬರಿಪಡಿಸುವುದೇಕೆ. ಈಗ ಅದು ನನ್ನ ಬೀರುವಿನಲ್ಲಿ, ಚಳಿಗಾಲದ ಶಾಲುಗಳ ಕೆಳಗಿದೆ.

ಮಾರ್ಚ್ 20

ತಣ್ಣಗೆ ಯೋಚಿಸಿದರೆ ಇದರಿಂದ ಸಾಬೀತಾಗುವುದಾದರೂ ಏನು? ಮೇಷ್ಟ್ರು ಪಟ್ಟಿ ಕೊಟ್ಟಿದ್ದರು, ಅಷ್ಟೇ. ಅವಳು ನನ್ನ ಪ್ರಬಂಧ ನೋಡಿ ಬರೆಯಲಿಲ್ಲ ಎನ್ನಲು ಇದು ಸಾಕ್ಷಿಯಲ್ಲ. ಎರಡೂ ಆಗಿರಬಹುದು. ಮೇಲಾಗಿ ಮೇ ತಿಂಗಳಲ್ಲಿ ನಮ್ಮ ಇಲಾಖೆಯ ‘ಒಡಹುಟ್ಟಿದ ಪದಗಳ ಕೋಶ’ ಎಂಬ ನಿಘಂಟಿನ ಬಿಡುಗಡೆ. ಹದಿನಾರು ವರ್ಷದ ದುಡಿಮೆ, ಪ್ರಧಾನ ಸಂಪಾದಕಿ ನಾನು. ಈಗ ಹಳೆಯದನ್ನು ಕೆದಕಿದರೆ ಕೆಸರು ಕೋಶದ ಮೇಲೂ ಹಾರುತ್ತದೆ. ನನ್ನೊಬ್ಬಳ ಪ್ರಶ್ನೆಯಲ್ಲ ಇದು.

ಒಂಬತ್ತನೇ ತಾರೀಖಿನ ಉತ್ತರ ಹರಿದು ಹಾಕಿದೆ. ಹೊಸದು ಬರೆದೆ. ‘ದೀರ್ಘಕಾಲ ಕಳೆದಿರುವುದರಿಂದ ಈ ವಿಷಯದಲ್ಲಿ ಖಚಿತವಾಗಿ ಏನನ್ನೂ ಹೇಳಲಾಗದು.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ, ಆದರೆ ದೀಪವಂತೂ ಇದೆ.

ಮಾರ್ಚ್ 21

ಕುಲಸಚಿವರಿಗೆ ತೋರಿಸಿದೆ. ಅವರಿಗೆ ಬಹಳ ಹಿಡಿಸಿತು. ‘ಇದು ಸರಿ ಮೇಡಂ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಸಂಶಯದ ಲಾಭ ಕೊಟ್ಟು ಫೈಲು ಮುಚ್ಚಿಬಿಡ್ತೀವಿ. ಅವರ ಸಹಿ ಒಂದು ಬೇಕು, ಇಷ್ಟಕ್ಕೆ ಒಪ್ಪಿದೀನಿ ಅಂತ.’

‘ಸಹಿ ನಾನೇ ತರ್ತೀನಿ,’ ಎಂದೆ. ಯಾಕೆ ಹಾಗೆಂದೆನೋ. ಇಪ್ಪತ್ತೆಂಟು ವರ್ಷದಲ್ಲಿ ಅವಳ ಬೀದಿಗೂ ಕಾಲಿಟ್ಟವಳಲ್ಲ ನಾನು.

ಮಾರ್ಚ್ 24

ಎರಡು ಬಸ್ಸು ಬದಲಾಯಿಸಿ ಹೋದೆ. ಮಕ್ಕಳ ಶಾಲೆ. ಕಾರಿಡಾರಿನಲ್ಲಿ ಸುಣ್ಣದ ವಾಸನೆ, ಉದ್ದಕ್ಕೂ ಮೊಳೆ ಹೊಡೆದು ನೇತುಹಾಕಿದ ನೀರಿನ ಬಾಟಲಿಗಳು. ಅವಳು ಭೂಗೋಳ ಕಲಿಸುತ್ತಾಳಂತೆ. ಅಂದು ಅವಳನ್ನು ಯಾವ ಕಾಲೇಜೂ ತೆಗೆದುಕೊಳ್ಳಲಿಲ್ಲ. ಇಲ್ಲಿ ಖಾಲಿ ಇದ್ದದ್ದು ಭೂಗೋಳವೊಂದೇ.

ನನ್ನನ್ನು ಕಂಡು ಅವಳಿಗೆ ಆಶ್ಚರ್ಯವಾಗಲಿಲ್ಲ. ಸಿಬ್ಬಂದಿ ಕೋಣೆಯಲ್ಲಿ ಕುರ್ಚಿಯ ಮೇಲಿದ್ದ ಗ್ಲೋಬು ಎತ್ತಿ ಕೆಳಗಿಟ್ಟು ‘ಕೂತ್ಕೋ’ ಎಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಇನ್ನೂ ಕುಳ್ಳಗಾಗಿದ್ದಾಳೆ.

ಕಾಗದ ಕೊಟ್ಟೆ. ನಿಂತೇ ಓದಿದಳು.

‘ಖಚಿತವಾಗಿ ಹೇಳಲಾಗದು,’ ಎಂದಳು. ‘ನಿನಗೆ ನಿಜವಾಗ್ಲೂ ಅನುಮಾನ ಇದೆಯಾ?’

‘ಇದೆ,’ ಎಂದೆ.

‘ಹಾಗಾದ್ರೆ ಸಹಿ ಹಾಕಲ್ಲ. ನನಗೆ ಅನುಮಾನ ಬೇಡ ಕಣೆ. ಕದ್ದಿಲ್ಲ ಅಂತ ಬೇಕು.’

‘ಇಷ್ಟು ವರ್ಷ ಬಿಟ್ಟು ಈಗ್ಯಾಕೆ? ಮೇಷ್ಟ್ರು ಇದ್ದಾಗ್ಲೇ ಕೇಳ್ಬಹುದಿತ್ತಲ್ಲ?’ ಗಂಟಲು ಏರಿತು. ಪಕ್ಕದಲ್ಲಿ ಪುಸ್ತಕ ತಿದ್ದುತ್ತಿದ್ದ ಶಾಲೆಯ ಶಿಕ್ಷಕರೊಬ್ಬರು ಎದ್ದು ಹೊರಗೆ ಹೋದರು.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಮುಂದಿಟ್ಟಳು. ‘ಅವತ್ತು ನನ್ನ ನೋಟ್‌ಬುಕ್ ಚೀಲದಲ್ಲೇ ಇತ್ತು. ಪಟ್ಟಿ ಇದ್ದ ಪುಟಕ್ಕೆ ಗುರುತು ಹಾಕಿ ತಂದಿದ್ದೆ. ಮೇಷ್ಟ್ರೇ ಹೇಳ್ತಾರೆ, ನಾನ್ಯಾಕೆ ತೆಗೀಬೇಕು ಅಂತ ಸುಮ್ನಿದ್ದೆ. ಅವರು ನೆನಪಿಲ್ಲ ಅಂದ್ರು. ಆಮೇಲೆ ತೆಗೆದ್ರೆ ಎಲ್ಲರೆದುರಿಗೆ ಅವರನ್ನ ಸುಳ್ಳುಗಾರ ಮಾಡಿದ ಹಾಗೆ. ಆಗ ಮೂವತ್ತೊಂದು ವಯಸ್ಸು, ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳೋ ಹುಚ್ಚು. ಯಾರೂ ಅನ್ನಲಿಲ್ಲ ಬಿಡು. ನಾಲ್ಕು ವರ್ಷ ಆದ್ಮೇಲೆ ಒಂದಿನ ಸಿಟ್ಟು ಬಂದು ಒಲೆಗೆ ಹಾಕ್ದೆ. ಚೆನ್ನಾಗಿ ಉರೀತು.’

‘ಮತ್ತೆ ಈಗ?’

‘ನೀವು ಹಳೇ ವಾರ್ಷಿಕ ವರದಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದೀರಂತಲ್ಲ. ನನ್ನ ಮಗಳು ಸುಮ್ನೆ ಕೂತು ನನ್ನ ಹೆಸರು ಹುಡುಕಿದ್ಲು. ಅರವತ್ತು ವರ್ಷ ಬದುಕಿದ ಅಮ್ಮನ ಹೆಸರಿಗೆ ಸಿಕ್ಕಿದ್ದು ಅದೊಂದೇ ಸಾಲು. ಅಮ್ಮಾ ಕದ್ದಿದ್ದೆಯಾ ಅಂತ ಕೇಳಿದ್ಲು. ಇಲ್ಲ ಅಂದೆ. ನಂಬಿದೀನಿ ಅಂದ್ಲು. ಆ ನಂಬಿದೀನಿ ಅನ್ನೋದು ಇದೆಯಲ್ಲ, ಅದನ್ನ ಕೇಳಿಸ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ. ಮೇಷ್ಟ್ರು ಹೋಗ್ಲಿ ಅಂತ ಕಾದೆ. ಹೋದ್ರು. ನನ್ನ ಹತ್ರ ಈಗ ಒಂದು ಚೂರು ಕಾಗದ ಇಲ್ಲ. ನೀನು ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.’

ಗಂಟೆ ಹೊಡೆಯಿತು. ಗ್ಲೋಬನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಗೆ ಹೋದಳು. ಬೀರುವಿನಲ್ಲಿರುವುದರ ಬಗ್ಗೆ ಹೇಳಲು ಅದು ಸ್ಥಳವೂ ಅಲ್ಲ, ಸಮಯವೂ ಅಲ್ಲ.

ಮಾರ್ಚ್ 25

ಪಾಠಕ್ಕೆ ರಜೆ ಹಾಕಿದೆ.

ಮಾರ್ಚ್ 26

ಇವರು ಶಾಲು ಹುಡುಕಲು ಹೋಗಿ ಪುಸ್ತಕ ಕಂಡರು. ಈ ಸೆಖೆಯಲ್ಲಿ ಶಾಲು ಯಾಕೆ ಬೇಕಿತ್ತೋ! ಟೇಬಲ್ಲಿನ ಮೇಲೆ ತಂದಿಟ್ಟು ‘ಇದು ಯಾರದು?’ ಎಂದರು.

‘ಮೇಷ್ಟ್ರದು.’

‘ಅವರ ಮಗಳು ಕೊಟ್ಟಳಾ?’

ಟೇಬಲ್ಲು ಒರೆಸತೊಡಗಿದೆ. ಕನ್ನಡಕ ಹಾಕಿಕೊಂಡು ಗುರುತಿಟ್ಟ ಪುಟ ತೆಗೆದರು. ಪದಗಳು ಅವರಿಗೆ ತಿಳಿಯುವುದಿಲ್ಲ. ಕೆಂಪು ಶಾಯಿಯದು ತಿಳಿಯಿತು. ತಾರೀಖೂ ತಿಳಿಯಿತು, ಏಕೆಂದರೆ ಆ ವಾರವೇ ನಮ್ಮ ಮದುವೆಯಾದದ್ದು. ನಾನೇ ಜಗಳ ತೆಗೆದೆ. ‘ಬೈಯೋದಿದ್ರೆ ಬೈದುಬಿಡಿ.’

‘ನಾನ್ಯಾಕೆ ಬೈಲಿ? ಅಂಗಡೀಲಿ ಒಂದ್ಸಲ ತಪ್ಪು ಮಾತ್ರೆ ಕೊಟ್ಟುಬಿಟ್ಟಿದ್ದೆ. ಗೊತ್ತಾದ ಕೂಡಲೇ ಸೈಕಲ್ಲಲ್ಲಿ ಅವರ ಮನೆಗೆ ಓಡ್ದೆ. ಅದೃಷ್ಟಕ್ಕೆ ಇನ್ನೂ ನುಂಗಿರಲಿಲ್ಲ.’ ಪುಸ್ತಕ ಮುಚ್ಚಿದರು. ‘ಇಲ್ಲಿ ನುಂಗಿ ಇಪ್ಪತ್ತೆಂಟು ವರ್ಷ ಆಯ್ತು. ಆದ್ರೂ ಹೇಳಲೇಬೇಕಲ್ಲ.’

ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ವರ್ಷವೂ ತರಗತಿಯಲ್ಲಿ ನಿಂತು ಮೂಗು, ಅಕ್ಕ, ತಾಯಿ ಎಂದು ಹೇಳುವವಳು ನಾನು. ಹೋಲಿಕೆ ಕಂಡ ಕೂಡಲೇ ಕಳವು ಎನ್ನಬೇಡಿ, ಇಬ್ಬರ ಹಿಂದೆ ಇರುವವರನ್ನು ಹುಡುಕಿ ಎಂದು ಮೂವತ್ತು ವರ್ಷ ಕೊರೆದಿದ್ದೇನೆ. ಈ ವಿದ್ಯೆ ಗೊತ್ತಿಲ್ಲದ ಯಾರಾದರೂ ಇಂಥ ತಪ್ಪು ಮಾಡಿದ್ದರೆ ಪಾಪ ಎನ್ನಬಹುದಿತ್ತು. ಹುಡುಕಲಿಲ್ಲ ನಾನು. ಹುಡುಕುವ ಮನಸ್ಸಿರಲಿಲ್ಲ. ಅವಳ ಪುಸ್ತಕ ನನ್ನದಕ್ಕಿಂತ ಚೆನ್ನಾಗಿತ್ತು.

ಇದನ್ನು ಬರೆಯಬೇಕೆಂದು ಕೂತವಳಲ್ಲ. ಬರೆದಾಯಿತು, ಇರಲಿ.

ಮಾರ್ಚ್ 28

ಮೇಷ್ಟ್ರ ಮಗಳ ಮನೆಗೆ ಹೋಗಿ, ಪುಸ್ತಕ ಕೇಳದೆ ತೆಗೆದುಕೊಂಡು ಹೋಗಿದ್ದೆ ಎಂದೆ. ‘ಅಯ್ಯೋ ಅಕ್ಕ, ಅದಕ್ಕೇನಂತೆ, ಎಲ್ಲಾ ನಿಮ್ಮದೇ’ ಎಂದಳು. ಅದರಲ್ಲಿ ಏನಿದೆ ಎಂದು ತೋರಿಸಿದೆ. ಬಹಳ ಹೊತ್ತು ಅಪ್ಪನ ಅಕ್ಷರ ನೋಡಿದಳು. ‘ಕೊನೆ ಕೊನೆಗೆ ಅಪ್ಪ ಗುಬ್ಬಿ ಬಂದಳಾ ಅಂತ ಕೇಳೋರು. ಕಿಟಕಿ ಹತ್ರ ಬರೋ ಹಕ್ಕಿ ಅನ್ಕೊಂಡು ನಾನು ಅಕ್ಕಿ ಹಾಕ್ತಿದ್ದೆ,’ ಎಂದಳು. ‘ತಗೊಂಡು ಹೋಗಿ, ಕೊಡಬೇಕಾದವರಿಗೆ ಕೊಡಿ.’

ಅಲ್ಲಿಂದ ನೇರ ಕುಲಸಚಿವರ ಕಚೇರಿ. ಪುಸ್ತಕವನ್ನೂ ಎರಡು ಪುಟದ ಪತ್ರವನ್ನೂ ಇಟ್ಟೆ. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೆ ಹೋಯಿತು.

‘ಮೇಡಂ, ಹೀಗೆ ಬರೆದ್ರೆ ನಿಮ್ಮ ದೂರೇ ತಪ್ಪು ಅಂತ ಆಗುತ್ತೆ.’

‘ಹೌದು.’

‘ಸಾಕ್ಷಿ ಸಿಕ್ಕಿದ್ಮೇಲೂ ಹತ್ತು ದಿನ ಬಚ್ಚಿಟ್ಟಿದ್ದೆ ಅಂತ ಬೇರೆ ಬರ್ದಿದೀರಿ. ಅದನ್ನಾದ್ರೂ ತೆಗೀರಿ. ಮೇನಲ್ಲಿ ಕೋಶದ ಬಿಡುಗಡೆ ಇದೆ, ಸಂಪಾದಕರ ಹೆಸರು ಉಳಿಸೋದು ಕಷ್ಟ ಆಗುತ್ತೆ.’

ತೆಗೆಯುತ್ತೇನೆ ಎನ್ನಲು ಬಾಯಿ ತೆರೆದೆ. ನಿಜವಾಗಿ ತೆರೆದೆ. ಆದರೆ ‘ನಾಳೆ ಬರುವ ಹೊತ್ತಿಗೆ ಮನಸ್ಸು ಬದಲಾಗುತ್ತೆ, ಈಗ್ಲೇ ಸ್ವೀಕೃತಿ ಮುದ್ರೆ ಒತ್ತಿಬಿಡಿ’ ಎಂದೆ. ಒತ್ತಿದರು. ಬಸ್ಸಿನಲ್ಲಿ ಅತ್ತೆ. ಅವಳಿಗಾಗಿ ಅಲ್ಲ. ಕೋಶದ ಮೊದಲ ಪುಟದಲ್ಲಿ ನನ್ನ ಹೆಸರಿಗೆ ಆರಿಸಿದ್ದ ಅಕ್ಷರದ ಅಳತೆಯನ್ನೂ ನಾನೇ ನೋಡಿ ಒಪ್ಪಿದ್ದೆ.

ಏಪ್ರಿಲ್ 11

ಆದೇಶ ಬಂತು. ಅವಳ ಮೇಲಿನ ತೀರ್ಮಾನ ರದ್ದು. ವಾರ್ಷಿಕ ವರದಿಯ ಆ ಸಾಲಿನ ಪಕ್ಕದಲ್ಲಿ ತಿದ್ದುಪಡಿ ಹಾಕುತ್ತಾರಂತೆ. ಎರಡನೇ ಆದೇಶ ನನ್ನದು. ಕೋಶಕ್ಕೆ ಹೊಸ ಸಂಪಾದಕರು. ಮುನ್ನುಡಿಯ ಕೊನೆಯಲ್ಲಿ ‘ಸಹಕರಿಸಿದವರು’ ಎಂಬ ಪಟ್ಟಿಯಲ್ಲಿ ನಾನು, ಬೆರಳಚ್ಚಿನವರಿಗೂ ಪುಸ್ತಕ ಕಟ್ಟಿದವರಿಗೂ ನಡುವೆ.

ಇಲಾಖೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳದಿರುವುದಕ್ಕೆ ಎಷ್ಟು ಸದ್ದಿರುತ್ತದೆ! ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆಯವರಿಗೆ ಹೇಳುವಾಗ ನಾಲಿಗೆಗೆ ಎಷ್ಟು ಹಿತ. ಮುಂದಿನ ಬೆಂಚಿನವಳು ಮಾತ್ರ ಎಂದಿನಂತೆ ಕೈ ಎತ್ತಿ ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಏಪ್ರಿಲ್ 16

ಗುಬ್ಬಿಯ ಶಾಲೆಗೆ ಹೋಗಿದ್ದೆ. ಆದೇಶದ ಪ್ರತಿ ಅವಳಿಗೆ ಆಗಲೇ ತಲುಪಿತ್ತು. ‘ಮಗಳಿಗೆ ತೋರಿಸ್ದೆ’ ಎಂದಳು. ಅಷ್ಟೇ. ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಕ್ಷಮಿಸು ಎಂದೆ. ‘ಅದೆಲ್ಲ ಬೇಡ ಬಿಡೆ’ ಎಂದಳು. ಕ್ಷಮಿಸಿದ್ದೇನೆ ಎಂದಲ್ಲ, ಬೇಡ ಎಂದೇ.

ನಾನು ಬೇರೆ ಆಸೆ ಇಟ್ಟುಕೊಂಡು ಹೋಗಿದ್ದೆ. ಕೋಶದ ಎರಡನೇ ಸಂಪುಟದಲ್ಲಿ ಗಾಥಿಕ್ ಭಾಗ ಯಾರೂ ಮಾಡುವವರಿಲ್ಲದೆ ನಿಂತಿದೆ. ಈ ಕುಟುಂಬದ ಭಾಷೆಗಳಲ್ಲಿ ಎಲ್ಲಕ್ಕಿಂತ ಮೊದಲೇ ಪುಟಗಟ್ಟಲೆ ಬರೆದಿಟ್ಟು ಉಳಿದದ್ದು ಅದು, ಈಗ ಆಡುವವರು ಯಾರೂ ಇಲ್ಲ. ನಮ್ಮ ಕಾಲದಲ್ಲಿ ಅದನ್ನು ಪೇಪರಿನ ಸುದ್ದಿಯ ಹಾಗೆ ಓದುತ್ತಿದ್ದವಳು ಇವಳೊಬ್ಬಳೇ. ಪರೀಕ್ಷೆಯ ಹಿಂದಿನ ವಾರ ನನಗೆ ಸಾಲು ಸಾಲಾಗಿ ಬಿಡಿಸಿ ಹೇಳಿಕೊಟ್ಟು ಪಾಸು ಮಾಡಿಸಿದ್ದಳು. ಹೊಸ ಸಂಪಾದಕರಿಗೆ ಹೇಳಿದ್ದೇನೆ, ಅವರಿಗೂ ಒಪ್ಪಿಗೆ ಇದೆ, ಜೂನ್ ಆದ ಮೇಲೆ ಬಂದು ಶುರುಮಾಡು ಎಂದೆ. ನೆನಪಿಗೆ ಇರಲಿ ಎಂದು ಮೇಷ್ಟ್ರ ಹಳೆಯ ಗಾಥಿಕ್ ಪಠ್ಯವನ್ನೂ ಒಯ್ದಿದ್ದೆ. ತೆರೆದು ಅವಳ ಮುಂದಿಟ್ಟೆ.

ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು. ಒಂದು ಪುಟ ಪೂರ್ತಿ. ಒಂದು ಸದ್ದೂ ತಪ್ಪಲಿಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡಳು. ಅಂದು ಪುಸ್ತಕ ತಿದ್ದುತ್ತಿದ್ದ ಶಿಕ್ಷಕರು ಪೆನ್ನು ಕೆಳಗಿಟ್ಟು ಕೇಳಿದರು. ಏನೂ ಹೋಗಿಲ್ಲ, ಎಲ್ಲ ಹಾಗೇ ಇದೆ ಎಂದುಕೊಂಡೆ.

ಮುಗಿಸಿ ಬೆರಳನ್ನು ಪುಟದ ಮೇಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

‘ಕೇಳೋಕೆ ಚೆನ್ನಾಗಿದೆ ಅಲ್ವಾ? ಏನೇ ಇದರ ಅರ್ಥ?’

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ‘ನಿಜವಾಗ್ಲೂ ಮರೆತೆ ಕಣೆ. ಮೊದಮೊದಲು ಬೇಕು ಅಂತ್ಲೇ ಮರೆತೆ, ಆಮೇಲೆ ತಾನಾಗಿ ಹೋಯ್ತು. ಈಗ ನಂಗೊತ್ತಿರೋದು ನದಿ, ಗಾಳಿ, ಅಕ್ಷಾಂಶ,’ ಎಂದಳು.

ಮೊದಲ ಸಾಲಿನಿಂದ ಒಂದೊಂದೇ ಪದಕ್ಕೆ ಅರ್ಥ ಹೇಳಿದೆ, ಅವಳು ನನಗೆ ಹೇಳಿಕೊಟ್ಟಿದ್ದ ಹಾಗೆಯೇ. ತಲೆಯಾಡಿಸುತ್ತಾ ಕೇಳಿದಳು. ಗಂಟೆ ಹೊಡೆಯುವವರೆಗೂ ಕೇಳಿದಳು. ಬರೆದುಕೊಳ್ಳಲಿಲ್ಲ.